ಹಿಂದುಸ್ಥಾನದ ಸದಸ್ಯ ಹೆನ್ರಿ ಫಾಸೆಟ್

1867 ನೆಯ ಇಸವಿಯ ಜುಲೈ ತಿಂಗಳಲ್ಲಿ ತುರ್ಕಸ್ತಾನದ ಸುಲ್ತಾನರು ಲಂಡನ್ನಿಗೆ ದಯಮಾಡಿಸಿದ್ದರು. ಹೊಸದಾಗಿ ಕಟ್ಟಿದ್ದ ಇಂಡಿಯಾ ಕಚೇರಿಯ ವಿಶಾಲವಾದ ಅಂಗಳವನ್ನು ಶೃಂಗರಿಸಿ ಅಲ್ಲಿ ಅವರ ಗೌರವಾರ್ಥವಾಗಿ ಒಂದು ವೈಭವದ ನೃತ್ಯಕೂಟವನ್ನು ಏರ್ಪಡಿಸಲಾಯಿತು. ಔತಣ ಕೊಟ್ಟವರು ಆಂಗ್ಲ ಮಂತ್ರಿಗಳು. ಉಂಡು ಕುಣಿದವರು ಲಂಡನ್ನಿನ ಶ್ರೀಮಂತರು. ಸುಲ್ತಾನರ ಸ್ನೇಹದಿಂದ ಲಾಭವೇನಾದರೂ ಇದ್ದರೆ ಅದು ಇಂಗ್ಲಂಡಿನ ರಾಜಕಾರಣಕ್ಕೆ. ಖರ್ಚಿನ ಪಟ್ಟಿ ಮಾತ್ರ ಹಿಂದುಸ್ಥಾನದ ಬೊಕ್ಕಸದ ಲೆಕ್ಕಕ್ಕೆ ಬಂದು ಬಿದ್ದಿತು. ಅದರ ಹಿಂದಿನ ವರ್ಷವೇ ಒರಿಸ್ಸಾ ಪ್ರಾಂತದಲ್ಲಿ ಸುಮಾರು ಹತ್ತು ಲಕ್ಷ ಜನರು ಅನ್ನವಿಲ್ಲದೆ ಮಡಿದಿದ್ದರು.

ಪಾರ್ಲಿಮೆಂಟಿನಲ್ಲಿ ಹಿಂದುಸ್ಥಾನಕ್ಕೆ ಆಗ ಒಂದು ಪೀಠವೂ ಇರಲಿಲ್ಲ, ಒಂದು ಮತವೂ ಇರಲಿಲ್ಲ. ಈ ಖರ್ಚು ಯಾರದು, ಇದನ್ನು ಯಾರ ತಲೆಗೆ ಕಟ್ಟಿದಿರಿ ಎಂದು ಕೇಳಲು ಎದ್ದು ನಿಂತವರು ಬ್ರೈಟನ್ ಪಟ್ಟಣದ ಪ್ರತಿನಿಧಿ ಹೆನ್ರಿ ಫಾಸೆಟ್ಟರು. ಅವರು ಸಭೆಯನ್ನು ಪ್ರವೇಶಿಸಿ ಎರಡೇ ವರ್ಷಗಳಾಗಿದ್ದವು. ವಯಸ್ಸು ಮೂವತ್ತನಾಲ್ಕು ತುಂಬಿರಲಿಲ್ಲ. ಎರಡೂ ಕಣ್ಣುಗಳಲ್ಲಿ ದೃಷ್ಟಿ ಇರಲಿಲ್ಲ. ಬ್ರೈಟನ್ನಿನ ಮತದಾರರಿಗೆ ಹಿಂದುಸ್ಥಾನದ ರೈತನ ಕಷ್ಟದಿಂದ ಆಗಬೇಕಾದುದು ಏನೂ ಇರಲಿಲ್ಲ. ಆ ಪ್ರಶ್ನೆಯಿಂದ ಅವರಿಗೆ ಒಂದು ಓಟೂ ಹೆಚ್ಚು ಬರುವಂತಿರಲಿಲ್ಲ.

ಶಾಸನಸಭೆಗಳ ಪ್ರಶ್ನೋತ್ತರಗಳ ವರದಿಯನ್ನು ನಮ್ಮ ವಾಚಕರಲ್ಲಿ ಬಹು ಮಂದಿ ಓದದೆಯೇ ಪುಟ ಮಗುಚುವರೆಂದು ನಾವು ಬಲ್ಲೆವು. ಯಾವ ಊರಿನ ರಸ್ತೆ, ಯಾವ ಕಾಡಿನ ಮರ, ಯಾವ ಖಾತೆಯ ಹಣ ಎಂಬ ಆ ಒಣ ಸಾಲುಗಳಲ್ಲಿ ರುಚಿ ಕಾಣುವದು ಕಷ್ಟ. ಆದರೂ ಸರಕಾರದ ಖಾತೆಗಳನ್ನು ಬಿಡದೆ ಕೇಳುವ ಕೆಲಸವನ್ನೇ ಜೀವಿತದ ವ್ರತವಾಗಿ ಮಾಡಿಕೊಂಡ ಈ ಒಬ್ಬ ಸದಸ್ಯನ ಕಥೆಯನ್ನು ಅವರ ಮುಂದಿಡಬೇಕೆಂದು ನಮಗೆ ಬಹು ದಿನಗಳ ಅಪೇಕ್ಷೆ.

ಫಾಸೆಟ್ಟರು ಹುಟ್ಟಿದ್ದು 1833 ನೆಯ ಆಗಸ್ಟ್ 26 ರಂದು, ಸಾಲ್ಸ್‌ಬರಿ ಎಂಬ ಊರಲ್ಲಿ. ತಂದೆ ಬಟ್ಟೆಯ ವ್ಯಾಪಾರಿ, ಊರ ಮೇಯರರಾಗಿದ್ದವರು. ಮಗನು ಕೇಂಬ್ರಿಜ್ಜಿನಲ್ಲಿ ಓದಿ 1856 ರಲ್ಲಿ ಗಣಿತದ ಉನ್ನತ ಪರೀಕ್ಷೆಯಲ್ಲಿ ಏಳನೆಯವನಾಗಿ ತೇರ್ಗಡೆಯಾದನು. ಅದೇ ವರ್ಷದ ಕೊನೆಗೆ ಟ್ರಿನಿಟಿ ಹಾಲ್ ವಿದ್ಯಾಲಯದ ಫೆಲೋ ಆದನು. ವಕೀಲಿಯಿಂದ ಪಾರ್ಲಿಮೆಂಟಿಗೆ ಹೋಗಬೇಕೆಂಬದು ಹುಡುಗತನದಿಂದಲೂ ಇದ್ದ ಹಂಬಲ. 1858 ನೆಯ ಸೆಪ್ಟಂಬರ್ 17 ರಂದು ತಂದೆ ಮಗ ಇಬ್ಬರೂ ಊರ ಬಳಿಯ ಹಾರ್ನಮ್ ಗುಡ್ಡದ ಮೇಲೆ ಕೌಜುಗದ ಬೇಟೆಗೆ ಹೋಗಿದ್ದರು. ತಂದೆಯು ಹಾರಿಸಿದ ಗುಂಡಿನ ಚೂರುಗಳು ಮಗನ ಮುಖಕ್ಕೆ ಬಡಿದವು. ಕನ್ನಡಕದ ಎರಡೂ ಗಾಜುಗಳನ್ನು ತೂರಿ ಒಂದೊಂದು ಚೂರು ಒಂದೊಂದು ಕಣ್ಣನ್ನು ಹೊಕ್ಕಿತು. ಇಪ್ಪತ್ತೈದನೆಯ ವಯಸ್ಸಿನಲ್ಲಿ, ಒಂದೇ ಕ್ಷಣದಲ್ಲಿ ಬೆಳಕು ಹೋಯಿತು.

ಮಗನಿಗಿಂತ ತಂದೆಯ ಸಂಕಟವೇ ಹೆಚ್ಚಿನದಾಗಿತ್ತೆಂದು ಅವರ ಚರಿತ್ರಕಾರರೂ ಸ್ನೇಹಿತರೂ ಆದ ಲೆಸ್ಲಿ ಸ್ಟೀಫನ್ನರು ಬರೆದಿದ್ದಾರೆ. ಆ ತಂದೆಯ ಮುಖಕ್ಕಾಗಿಯಾದರೂ ತಾನು ಕುಗ್ಗಬಾರದೆಂದು ಮಗನು ನಿಶ್ಚಯಿಸಿದನು. ಗಾಯವಾದ ಹತ್ತು ನಿಮಿಷಗಳೊಳಗಾಗಿಯೇ, ಮುಂಚೆ ಹೇಗೆ ಬದುಕಬೇಕೆಂದಿದ್ದೆನೋ ಹಾಗೆಯೇ ಬದುಕುವೆನೆಂದು ಗಟ್ಟಿ ಮಾಡಿಕೊಂಡನಂತೆ. ವಕೀಲಿ ಒಂದನ್ನು ಬಿಟ್ಟರೆ ಬೇರೆ ಯಾವದನ್ನೂ ಬಿಡಲಿಲ್ಲ. ಕುದುರೆ ಸವಾರಿ, ಮೀನು ಹಿಡಿಯುವದು, ಹೆಪ್ಪುಗಟ್ಟಿದ ನದಿಯ ಮೇಲೆ ಜಾರಾಟ, ಮೈಲುಗಟ್ಟಲೆ ನಡಿಗೆ, ಎಲ್ಲವೂ ಕೊನೆಯ ವರೆಗೆ ನಡೆದವು. 1863 ರಲ್ಲಿ ಅರ್ಥಶಾಸ್ತ್ರದ ಕೈಪಿಡಿಯೊಂದನ್ನು ಬರೆದು ಪ್ರಕಟಿಸಿದರು. ಅದೇ ವರ್ಷ ಕೇಂಬ್ರಿಜ್ಜಿನ ಅರ್ಥಶಾಸ್ತ್ರದ ಪ್ರಾಧ್ಯಾಪಕ ಪೀಠವು ದೊರೆಯಿತು. ಮೊದಲ ಪ್ರಯತ್ನಗಳಲ್ಲಿ ಸೋತು 1865 ರಲ್ಲಿ ಬ್ರೈಟನ್ನಿನಿಂದ ಗೆದ್ದರು. 1867 ರಲ್ಲಿ ಮಿಲಿಸೆಂಟ್ ಗ್ಯಾರೆಟ್ಟರನ್ನು ಮದುವೆಯಾದರು. ಮುಂದೆ ಇಂಗ್ಲಂಡಿನ ಸ್ತ್ರೀಯರ ಮತಾಧಿಕಾರದ ಹೋರಾಟವನ್ನು ಅರ್ಧ ಶತಮಾನ ನಡೆಸಿದ ಮಹಿಳೆ ಇವರೇ. ವಿವಾಹದ ಮೊದಲ ವರ್ಷಗಳಲ್ಲಿ ಸರಕಾರದ ವರದಿಗಳನ್ನೂ ವರ್ತಮಾನಪತ್ರಗಳನ್ನೂ ಗಂಡನಿಗೆ ಓದಿ ಹೇಳುವ ಕೆಲಸವನ್ನು ಇವರು ವಹಿಸಿಕೊಂಡಿದ್ದರು.

ಕಿವಿಯಿಂದ ಕೇಳಿದ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಕೈಯಲ್ಲಿ ಒಂದು ತುಂಡು ಕಾಗದವಿಲ್ಲದೆ, ಕೋಟ್ಯಂತರ ಪೌಂಡುಗಳ ಲೆಕ್ಕವನ್ನು ತಾಸುಗಟ್ಟಲೆ ಬಿಚ್ಚಿ ಹೇಳುವ ಶಕ್ತಿ ಅವರಿಗಿತ್ತು. ಕಡತವನ್ನು ಮುಂದಿಟ್ಟುಕೊಂಡ ಮಂತ್ರಿಗಳು ತಪ್ಪುತ್ತಿದ್ದರು. ಕಡತ ಕಾಣದ ಫಾಸೆಟ್ಟರು ತಿದ್ದುತ್ತಿದ್ದರು. ಇದು ದೈವದತ್ತವಾದ ಪವಾಡವೆಂದು ನಾವು ಭಾವಿಸುವದಿಲ್ಲ. ವರದಿಯನ್ನು ಎರಡು ಮೂರು ಸಲ ಓದಿಸಿಕೊಂಡು ಕೇಳುವ ತಾಳ್ಮೆಯ ಫಲವದು. ಕಣ್ಣಿದ್ದ ಸದಸ್ಯರಲ್ಲಿ ಒಂದು ಸಲವಾದರೂ ಪೂರ್ತಿ ಓದಿದವರು ಎಷ್ಟು ಮಂದಿಯೋ!

ಅವರ ಪ್ರಶ್ನೆಗಳಲ್ಲಿ ಮೊದಲು ಇಂಗ್ಲಂಡಿನ ಗೋಮಾಳಗಳ ಸಂಗತಿಯನ್ನು ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಇರುವಂತೆಯೇ ಅಲ್ಲಿಯೂ ಊರೂರಿಗೆ ಸಾಮಾನ್ಯ ಭೂಮಿಗಳಿದ್ದವು. ಬಡವನು ಅಲ್ಲಿ ತನ್ನ ಒಂದು ಹಸುವನ್ನೋ ನಾಲ್ಕು ಬಾತುಗಳನ್ನೋ ಮೇಯಿಸುತ್ತಿದ್ದನು. ಚಳಿಗಾಲಕ್ಕೆ ಕಟ್ಟಿಗೆ ತರುತ್ತಿದ್ದನು. 1845 ರ ಕಾನೂನಿನ ಮೇರೆಗೆ ಇವುಗಳಿಗೆ ಬೇಲಿ ಹಾಕಿ ಜಮೀನುದಾರರಿಗೆ ಹಂಚಿಕೊಡುವ ಕಾರ್ಯವು ಒಂದು ಕಮಿಶನ್ನಿನ ಕೈಯಲ್ಲಿತ್ತು. ಯಾರಿಗೆ ಹೆಚ್ಚು ಹೊಲವಿದೆಯೋ ಅವರಿಗೆ ಹೆಚ್ಚು ಪಾಲು. ಹೊಲವಿಲ್ಲದ ಕೂಲಿಯವನಿಗೆ ಬರುತ್ತಿದ್ದುದು ಇಲ್ಲವೆನ್ನುವಷ್ಟು. ವರ್ಷಕ್ಕೊಮ್ಮೆ ಕಮಿಶನ್ನಿನವರು ಒಪ್ಪಿದ ಊರುಗಳ ಹೆಸರನ್ನೆಲ್ಲ ಒಂದೇ ಮಸೂದೆಯಲ್ಲಿ ಪೋಣಿಸಿ ಸಭೆಗೆ ತರುತ್ತಿದ್ದರು. ಅಪರಾತ್ರಿಯ ಹೊತ್ತಿಗೆ, ಸದಸ್ಯರು ಮನೆಗೆ ಹೋದ ಮೇಲೆ, ಚರ್ಚೆಯಿಲ್ಲದೆ ಅದು ಪಾಸಾಗಿಬಿಡುತ್ತಿತ್ತು. ಇದು ಬರೇ ಪದ್ಧತಿಯ ಕೆಲಸವೆಂದು ಎಲ್ಲರೂ ನಂಬಿದ್ದರು.

1869 ರ ಮಸೂದೆಯನ್ನು ಫಾಸೆಟ್ಟರು ಓದಿಸಿ ಕೇಳಿದರು. ಏಳು ಸಾವಿರ ಎಕರೆಗೆ ಹತ್ತಿರವಾದ ಭೂಮಿಗೆ ಬೇಲಿ ಬೀಳುವದಿತ್ತು. ಸಾರ್ವಜನಿಕರ ವಿಹಾರಕ್ಕೂ ಬಡವರ ಕಾಯಿಪಲ್ಯದ ತೋಟಕ್ಕೂ ಸೇರಿ ಬಿಟ್ಟದ್ದು ಹತ್ತು ಎಕರೆಗಿಂತ ಕಡಿಮೆ. ಫಾಸೆಟ್ಟರು ಮಸೂದೆಯನ್ನು ತಡೆದರು. ಇದು ನಮ್ಮ ಪಕ್ಷದ ಸರಕಾರ, ತೊಂದರೆ ಕೊಡಬೇಡಿರೆಂದು ಮಿತ್ರರು ಹೇಳಿ ನೋಡಿದರು, ಅವರು ಕೇಳಲಿಲ್ಲ. ಕೊನೆಗೆ ವಿಚಾರಣಾ ಸಮಿತಿಯೊಂದನ್ನು ನೇಮಿಸಬೇಕಾಯಿತು. ಅಂದಿನಿಂದ ಆ ವಾರ್ಷಿಕ ಮಸೂದೆಯ ಓಟವು ನಿಂತಿತೆಂದೇ ಹೇಳಬೇಕು. 1876 ರಲ್ಲಿ ಸಾಮಾನ್ಯ ಭೂಮಿಗಳ ಹೊಸ ಕಾನೂನು ಬಂದಿತು.

ಎಪ್ಪಿಂಗ್ ಅರಣ್ಯದ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಲಂಡನ್ನಿನ ಪೂರ್ವಭಾಗದ ಬಡಜನರಿಗೆ ಗಾಳಿ ನೆರಳು ಕೊಡುವ ಕಾಡು ಅದು. ಅರಸರ ಜಿಂಕೆಗಳು ತಡೆಯಿಲ್ಲದೆ ತಿರುಗಾಡಬೇಕೆಂಬ ಪುರಾತನ ಹಕ್ಕು ಅಲ್ಲಿ ಇದ್ದುದರಿಂದ ಯಾರೂ ಬೇಲಿ ಹಾಕುವಂತಿರಲಿಲ್ಲ. ಜಿಂಕೆಯ ಹಕ್ಕಿನ ಆಸರೆಯಲ್ಲಿ ಮನುಷ್ಯರೂ ಬದುಕಿಕೊಂಡಿದ್ದರು. ಸರಕಾರದ ಅರಣ್ಯ ಖಾತೆಯವರು ಬೊಕ್ಕಸಕ್ಕೆ ಆದಾಯವಾಗಲೆಂದು ಈ ಹಕ್ಕನ್ನು ಅಲ್ಲಿನ ಜಹಗೀರುದಾರರಿಗೆ ಅಗ್ಗದ ಬೆಲೆಗೆ ಮಾರತೊಡಗಿದರು. ಮಾರಾಟವಾದಲ್ಲೆಲ್ಲ ಬೇಲಿ ಎದ್ದಿತು, ಮರ ಉರುಳಿತು. ನೆರೆಯ ಹೈನಾಲ್ಟ್ ಅರಣ್ಯವು 1851 ರ ಕಾನೂನಿನಿಂದ ಹೀಗೆಯೇ ನೆಲಸಮವಾಗಿ ಹೋಗಿತ್ತು. ಲಾಟನ್ ಎಂಬ ಹಳ್ಳಿಯಲ್ಲಿ ಪೂರ್ವಜರಿಂದ ಬಂದ ಹಕ್ಕಿನಂತೆ ಕೊಂಬೆ ಕಡಿದ ಕೂಲಿಕಾರರು ಸೆರೆಮನೆ ಕಂಡರು. 1870 ನೆಯ ಫೆಬ್ರವರಿಯಲ್ಲಿ ಫಾಸೆಟ್ಟರು ಈ ಮಾರಾಟವನ್ನು ನಿಲ್ಲಿಸಬೇಕೆಂದು ರಾಣಿಯವರಲ್ಲಿ ಬಿನ್ನವಿಸಿಕೊಳ್ಳುವ ಠರಾವನ್ನು ಸಭೆಯ ಮುಂದೆ ತಂದರು. ರಾಜನ ಹಕ್ಕೆಂಬದು ಪ್ರಜೆಗಳ ಪರವಾಗಿ ಇಟ್ಟ ಠೇವಣಿ, ಅದನ್ನು ಮಾರಲು ಖಾತೆಯವರು ಯಾರು ಎಂಬದೇ ಅವರ ವಾದದ ತಿರುಳು. ಪ್ರಧಾನಿ ಗ್ಲಾಡ್‌ಸ್ಟನ್ನರು ಮಾತುಗಳನ್ನು ಕೊಂಚ ಮೆತ್ತಗೆ ಮಾಡಿಸಿ ಠರಾವಿಗೆ ಒಪ್ಪಿದರು. ಮುಂದೆ ಲಂಡನ್ ನಗರಸಭೆಯು ವ್ಯಾಜ್ಯ ಹೂಡಿತು. 1874 ರ ತೀರ್ಪಿನಿಂದ ಬೇಲಿಗಳು ಅಕ್ರಮವೆಂದು ಸ್ಥಾಪಿತವಾಯಿತು. 1878 ರಲ್ಲಿ ಕಾನೂನಾಗಿ, 1882 ನೆಯ ಮೇ ತಿಂಗಳಲ್ಲಿ ರಾಣಿಯು ತಾನೇ ಹೋಗಿ ಕಾಡನ್ನು ಪ್ರಜೆಗಳಿಗೆ ಒಪ್ಪಿಸಿದಳು. ನ್ಯೂ ಫಾರೆಸ್ಟಿನ ಹಳೆಯ ಮರಗಳನ್ನು ಕಡಿಯದಂತೆ 1871 ರಲ್ಲಿ ತಡೆ ತಂದವರೂ ಇವರೇ. ಮರದ ಚೆಲುವನ್ನು ಕಾಣಲಾರದವನು ಮರಕ್ಕಾಗಿ ಇಷ್ಟು ಹೋರಾಡಿದನು.

ಇನ್ನು ನಮ್ಮ ದೇಶದ ಮಾತು. ಹಿಂದುಸ್ಥಾನದ ಆಯವ್ಯಯವನ್ನು ಪಾರ್ಲಿಮೆಂಟಿನಲ್ಲಿ ಅಧಿವೇಶನದ ಕಟ್ಟಕಡೆಗೆ, ಬೇಸಿಗೆಯ ಸೂಟಿಗೆ ಎಲ್ಲರೂ ಗಂಟು ಕಟ್ಟಿದ ಮೇಲೆ ಮಂಡಿಸುವದು ವಾಡಿಕೆಯಾಗಿತ್ತು. ಬರಿದಾದ ಪೀಠಗಳ ಮುಂದೆ ಮಂತ್ರಿಯು ಹೇಳುವನು. ನಾಲ್ಕಾರು ನಿವೃತ್ತ ಅಧಿಕಾರಿಗಳು ತೂಕಡಿಸುತ್ತ ಕೇಳುವರು. ಈ ವಾಡಿಕೆಯನ್ನು ಫಾಸೆಟ್ಟರು ವರ್ಷ ವರ್ಷವೂ ಖಂಡಿಸಿದರು. ಅವರ ಒತ್ತಾಯದಿಂದ 1871 ರಲ್ಲಿ ಹಿಂದುಸ್ಥಾನದ ಹಣಕಾಸಿನ ವಿಚಾರಣೆಗೆ ಒಂದು ಸಮಿತಿ ನೇಮಕವಾಗಿ 1874 ರ ವರೆಗೆ ಕುಳಿತಿತು. ಸಾಕ್ಷಿಗೆ ಬಂದ ದೊಡ್ಡ ದೊಡ್ಡ ಅಧಿಕಾರಿಗಳನ್ನು ಫಾಸೆಟ್ಟರು ಎಳೆ ಎಳೆಯಾಗಿ ಕೆದಕಿ ಕೇಳಿದರು. ನಮ್ಮ ದಾದಾಭಾಯಿ ನವರೋಜಿಯವರು 1873 ರಲ್ಲಿ ಸಾಕ್ಷ್ಯ ನುಡಿದು ಹಿಂದುಸ್ಥಾನದ ಬಡತನದ ಲೆಕ್ಕವನ್ನು ಮುಂದಿಟ್ಟದ್ದು ಇದೇ ಸಮಿತಿಯ ಎದುರಿಗೆ.

ರೇಲ್ವೆಗಳ ಸಂಗತಿ ಅಲ್ಲಿ ಹೊರಬಿದ್ದಿತು. ಇಂಗ್ಲಂಡಿನ ಕಂಪನಿಗಳು ನಮ್ಮಲ್ಲಿ ಹಳಿ ಹಾಕುವಾಗ, ಹಾಕಿದ ಬಂಡವಾಳಕ್ಕೆ ನೂರಕ್ಕೆ ಐದರಂತೆ ಬಡ್ಡಿಯನ್ನು ಸರಕಾರವೇ ಜಾಮೀನು ನಿಂತು ಕೊಡುವದೆಂದು ಕರಾರಾಗಿತ್ತು. ಗಾಡಿ ಲಾಭದಲ್ಲಿ ಓಡಲಿ, ನಷ್ಟದಲ್ಲಿ ಓಡಲಿ, ಲಂಡನ್ನಿನ ಪಾಲುದಾರನ ಐದು ಪೌಂಡು ಅವನ ಮನೆಗೆ ಬರುವದು. ಹೀಗಿರಲು ಮಿತವ್ಯಯ ಮಾಡುವ ಗರಜು ಕಂಪನಿಗೆ ಎಲ್ಲಿಂದ ಬರಬೇಕು? ಕೊರತೆ ಬಿದ್ದುದನ್ನು ರೈತನ ಕಂದಾಯದಿಂದಲೂ ಉಪ್ಪಿನ ತೆರಿಗೆಯಿಂದಲೂ ತುಂಬಬೇಕಾಯಿತು. ಇದನ್ನು ಫಾಸೆಟ್ಟರು ಮತ್ತೆ ಮತ್ತೆ ಎತ್ತಿ ಆಡಿದರು. ಎಡಿನ್‌ಬರೋ ಡ್ಯೂಕರು ನಮ್ಮ ದೇಶದಲ್ಲಿ ಹಂಚಿದ ಉಡುಗೊರೆಗಳ ಬೆಲೆಯನ್ನು, 1875 ರಲ್ಲಿ ಯುವರಾಜರು ಬಂದು ಹೋದ ವೆಚ್ಚವನ್ನು, ಅಬಿಸೀನಿಯದ ದಂಡಿಗೆ ಹೋದ ನಮ್ಮ ಸಿಪಾಯಿಗಳ ಸಂಬಳವನ್ನು ನಮ್ಮ ಲೆಕ್ಕಕ್ಕೆ ಬರೆದಾಗಲೂ ಅವರು ಸುಮ್ಮನಿರಲಿಲ್ಲ. ಬಹುತೇಕ ಸೋತರು. ಮೊತ್ತಗಳು ಚಿಕ್ಕವೆಂದು ಕೆಲವರು ನಕ್ಕರು. ತತ್ವವು ಚಿಕ್ಕದಲ್ಲವೆಂಬುದು ಫಾಸೆಟ್ಟರ ಹಟ.

1876 ರಿಂದ 1878 ರ ವರೆಗಿನ ಕ್ಷಾಮವನ್ನು ಕನ್ನಡಿಗರು ಧಾತು ಈಶ್ವರ ಸಂವತ್ಸರಗಳ ಬರವೆಂದು ತಲೆಮಾರುಗಳ ವರೆಗೆ ನೆನೆದರು. 1871 ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881 ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಮುಂದಿನ ಬರಗಳಿಗೆ ವರ್ಷಕ್ಕೆ ಹದಿನೈದು ಲಕ್ಷ ಪೌಂಡು ಕೂಡಿಡುವೆವೆಂದು ಹೇಳಿ ಲಾರ್ಡ್ ಲಿಟನ್ನರ ಸರಕಾರವು 1878 ರಲ್ಲಿ ಹೊಸ ತೆರಿಗೆಗಳನ್ನು ಹಾಕಿತು. ಅದೇ ವರ್ಷ ಅಫಗಾನಿಸ್ತಾನದ ಮೇಲೆ ಯುದ್ಧ ಹೂಡಿತು. ಬರದ ಹೆಸರಿನಲ್ಲಿ ಎತ್ತಿದ ಹಣವು ಎಲ್ಲಿ ಹೋಯಿತೆಂದು ಪಾರ್ಲಿಮೆಂಟಿನಲ್ಲಿ ಬಿಡದೆ ಕೇಳಿದವರಲ್ಲಿ ಫಾಸೆಟ್ಟರು ಮೊದಲಿಗರು. ಯುದ್ಧದ ವೆಚ್ಚವನ್ನು ಹಿಂದುಸ್ಥಾನದ ಮೇಲೆ ಹೊರಿಸಕೂಡದೆಂದು ಆ ವರ್ಷದ ಡಿಸೆಂಬರದಲ್ಲಿ ಅವರು ತಂದ ತಿದ್ದುಪಡಿಯು ಬಿದ್ದುಹೋಯಿತು. ಆದರೂ ಸರಕಾರವು ಬದಲಾದ ಮೇಲೆ ಇಂಗ್ಲಂಡವು ಆ ವೆಚ್ಚದಲ್ಲಿ ಐವತ್ತು ಲಕ್ಷ ಪೌಂಡುಗಳನ್ನು ತಾನು ಹೊತ್ತಿತು. ಒಟ್ಟು ವೆಚ್ಚದ ಮುಂದೆ ಇದು ಸಣ್ಣ ಪಾಲೇ ಸರಿ. ಕೇಳದಿದ್ದರೆ ಅಷ್ಟೂ ಬರುತ್ತಿರಲಿಲ್ಲವೆಂಬುದೂ ಸರಿ.

ನಮ್ಮ ಜನರು ಇದನ್ನು ಅರಿಯದೆ ಇರಲಿಲ್ಲ. 1872 ರಲ್ಲಿ ಕಲಕತ್ತೆಯ ನಾಗರಿಕರು ಅವರಿಗೆ ಮಾನಪತ್ರ ಕಳುಹಿದರು. 1874 ರ ಚುನಾವಣೆಯಲ್ಲಿ ಬ್ರೈಟನ್ ಅವರನ್ನು ಕೈಬಿಟ್ಟಿತು. ಸುದ್ದಿ ಮುಟ್ಟಿದೊಡನೆ ಹಿಂದುಸ್ಥಾನದಲ್ಲಿ ಚಂದಾ ಎತ್ತಿ ಅವರ ಮರುಚುನಾವಣೆಯ ಖರ್ಚಿಗೆ ಹಣ ಕಳುಹಿಸಲಾಯಿತು. ಕೆಲವೇ ವಾರಗಳಲ್ಲಿ ಲಂಡನ್ನಿನ ಹ್ಯಾಕ್ನಿ ಭಾಗದಿಂದ ಅವರು ಆರಿಸಿ ಬಂದರು. ಸಾವಿರಾರು ಮೈಲು ದೂರದ, ಮತವೇ ಇಲ್ಲದ ಜನರು ಒಬ್ಬ ಆಂಗ್ಲ ಸದಸ್ಯನ ಚುನಾವಣೆಗೆ ಹಣ ಕೂಡಿಸಿದ್ದರು. ಹಿಂದುಸ್ಥಾನದ ಸದಸ್ಯನೆಂಬ ಹೆಸರು ಅವರಿಗೆ ಸುಮ್ಮನೆ ಅಂಟಿದ್ದಲ್ಲ.

ಇಷ್ಟು ಹೇಳಿದ ಮೇಲೆ ಅವರ ಕೊರತೆಗಳನ್ನು ಮುಚ್ಚಿಡುವದು ನಮಗೆ ತರವಲ್ಲ. ಹಿಂದುಸ್ಥಾನವು ತನ್ನನ್ನು ತಾನೇ ಆಳಿಕೊಳ್ಳಬೇಕೆಂಬದು ಅವರ ಬೇಡಿಕೆಯಾಗಿರಲಿಲ್ಲ. ಆಳುವವರು ನ್ಯಾಯದಿಂದ, ಮಿತವ್ಯಯದಿಂದ ಆಳಬೇಕೆಂದಷ್ಟೇ ಅವರು ಕೇಳಿದರು. ಸಾಲ ಮಾಡಿ ನಡೆಸುವ ಲೋಕೋಪಯೋಗಿ ಕೆಲಸಗಳನ್ನೆಲ್ಲ ಸಂಶಯದಿಂದ ನೋಡುತ್ತಿದ್ದರು. ಬಯಲುಸೀಮೆಯಲ್ಲಿದ್ದು ಕಾಲುವೆಯ ನೀರಿನ ಬೆಲೆ ಬಲ್ಲ ನಾವು ಇದನ್ನು ಪೂರ್ತಿಯಾಗಿ ಒಪ್ಪಲಾರೆವು. ಗಿರಣಿಗಳಲ್ಲಿ ದುಡಿಯುವ ಹೆಂಗಸರ ಕೆಲಸದ ತಾಸುಗಳನ್ನು ಕಾನೂನಿನಿಂದ ಕಡಿಮೆ ಮಾಡುವದನ್ನು ಅವರು ವಿರೋಧಿಸಿದರು. ಗಂಡಸಿಗಿಲ್ಲದ ಕಟ್ಟು ಹೆಂಗಸಿಗೇಕೆ, ಅದರಿಂದ ಅವಳ ಕೆಲಸವೇ ಹೋದೀತೆಂಬ ಅವರ ವಾದವು ತರ್ಕಕ್ಕೆ ಸರಿಯಾಗಿರಬಹುದು. ದಣಿದ ಮೈಗೆ ತರ್ಕವು ವಿಶ್ರಾಂತಿ ಕೊಡುವದಿಲ್ಲ. ಹೊಲದಲ್ಲಿ ದುಡಿಯುವ ಮಕ್ಕಳನ್ನು ಶಾಲೆಗೆ ಕಳುಹಲೇಬೇಕೆಂಬ ಕಡ್ಡಾಯಕ್ಕೆ ಮಾತ್ರ ಅವರೇ ಮುಂದಾಳು.

1880 ರಲ್ಲಿ ಗ್ಲಾಡ್‌ಸ್ಟನ್ನರು ಅವರನ್ನು ಪೋಸ್ಟ್ ಮಾಸ್ಟರ್ ಜನರಲ್ಲರನ್ನಾಗಿ ನೇಮಿಸಿದರು. ಗುಪ್ತ ಕಾಗದಗಳನ್ನು ಪರರ ಕಣ್ಣಿನಿಂದ ಓದಿಸಿಕೊಳ್ಳಬೇಕಾದವನಿಗೆ ಒಳಮಂತ್ರಿಮಂಡಲದಲ್ಲಿ ಸ್ಥಾನ ಕೊಡಲಾಗದೆಂದು ಹೊರಗೇ ಇಟ್ಟರು. ಆವರೆಗೆ ಖಾತೆಗಳನ್ನು ಕೇಳುತ್ತಿದ್ದವರು ಈಗ ಒಂದು ಖಾತೆಯ ಪರವಾಗಿ ಉತ್ತರ ಹೇಳಬೇಕಾಯಿತು. ಉತ್ತರವನ್ನು ಅವರು ಕೆಲಸದಿಂದಲೇ ಹೇಳಿದರು. ಒಮ್ಮೆಗೆ ಒಂದು ಶಿಲಿಂಗ್ ಉಳಿಸಲಾರದ ಕೂಲಿಯವನು ಒಂದೊಂದೇ ಪೆನ್ನಿಯ ತಿಕೀಟುಗಳನ್ನು ಒಂದು ಚೀಟಿಯ ಮೇಲೆ ಅಂಟಿಸುತ್ತ ಬಂದು, ಹನ್ನೆರಡು ತುಂಬಿದಾಗ ಟಪಾಲು ಉಳಿತಾಯ ಬ್ಯಾಂಕಿಗೆ ಕಟ್ಟುವ ಏರ್ಪಾಡನ್ನು 1880 ರಲ್ಲೇ ತಂದರು. ಮರುವರ್ಷ ಪೋಸ್ಟಲ್ ಆರ್ಡರು ಬಂದಿತು. ತಾರುಖಾತೆಯ ನೌಕರರ ಸಂಬಳ ಹೆಚ್ಚಿತು. ಹೆಂಗಸರಿಗೆ ಗುಮಾಸ್ತೆ ಕೆಲಸಕ್ಕೆ ಬಹಿರಂಗ ಪರೀಕ್ಷೆ ತೆರೆಯಿತು.

ಪಾರ್ಸೆಲ್ಲುಗಳನ್ನು ಟಪಾಲಿನಲ್ಲಿ ಸಾಗಿಸುವ ವಿಚಾರವು ಬಹು ವರ್ಷಗಳಿಂದ ಕೊಳೆಯುತ್ತ ಬಿದ್ದಿತ್ತು. ತಮ್ಮ ಸಾಗಾಣಿಕೆಯ ಲಾಭ ಹೋಗುವದೆಂದು ರೇಲ್ವೆ ಕಂಪನಿಗಳು ಅಡ್ಡಬಂದಿದ್ದವು. ಫಾಸೆಟ್ಟರು ಅವರೊಡನೆ ಚೌಕಾಶಿಗೆ ಕುಳಿತು, ರೈಲಿನಲ್ಲಿ ಹೋಗುವ ಪಾರ್ಸೆಲ್ಲುಗಳ ಹಾಸಿಲಿನಲ್ಲಿ ನೂರಕ್ಕೆ ಐವತ್ತೈದು ಪಾಲನ್ನು ಕಂಪನಿಗಳಿಗೆ ಒಪ್ಪಿಸಿ ಕರಾರು ಮಾಡಿದರು. ಇದು ದುಬಾರಿಯೆಂದು ನಮಗೆ ತೋರುತ್ತದೆ; ಹಿಂದುಸ್ಥಾನದ ರೇಲ್ವೆ ಕಂಪನಿಗಳ ಮೇಲೆ ಅಷ್ಟು ಕಟುವಾಗಿದ್ದವರು ತಾಯ್ನಾಡಿನ ಕಂಪನಿಗಳಿಗೆ ಇಷ್ಟು ಬಿಟ್ಟುಕೊಡಬೇಕಾಯಿತು. ಆದರೆ ಕೆಲಸವಾಯಿತು. 1883 ನೆಯ ಆಗಸ್ಟ್ 1 ರಿಂದ ಮೂರು ಪೆನ್ನಿಗೆ ಒಂದು ರತ್ತಲು, ಒಂದು ಶಿಲಿಂಗಿಗೆ ಏಳು ರತ್ತಲು ತೂಕದ ಸಾಮಾನು ದೇಶದ ಯಾವ ಮೂಲೆಗಾದರೂ ಹೋಗತೊಡಗಿತು. ಪತ್ರ ಹೊರುವವನೆಂದು ಹೆಸರಿದ್ದ ನೌಕರನು ಅಂದಿನಿಂದ ಪೋಸ್ಟ್‌ಮನ್ ಆದನು.

ಅಧಿಕಾರದ ಬೆಲೆಯನ್ನೂ ಅವರು ತೆರಬೇಕಾಯಿತು. ಮಂತ್ರಿಯಾದವನು ಬೇರೆ ಖಾತೆಯನ್ನು ಬಹಿರಂಗವಾಗಿ ಪ್ರಶ್ನಿಸುವಂತಿಲ್ಲ. ಆ ನಾಲ್ಕು ವರ್ಷಗಳಲ್ಲಿ ಹಿಂದುಸ್ಥಾನದ ಪರವಾಗಿ ಅವರ ಹಳೆಯ ದನಿ ಸಭೆಯಲ್ಲಿ ಕೇಳಿಬರಲಿಲ್ಲ. ನಮ್ಮ ಮಟ್ಟಿಗೆ ಅವರ ಬಡ್ತಿಯು ನಷ್ಟವೇ ಆಯಿತು. 1884 ರ ಜೂನಿನಲ್ಲಿ ಸ್ತ್ರೀಯರಿಗೆ ಮತ ಕೊಡುವ ತಿದ್ದುಪಡಿಯನ್ನು ವಿರೋಧಿಸಬೇಕೆಂದು ಸರಕಾರವು ತನ್ನವರಿಗೆ ಅಪ್ಪಣೆ ಮಾಡಿದಾಗ ಮಾತ್ರ, ಮತ ಹಾಕದೆ ದೂರ ಉಳಿದು ಪ್ರಧಾನಿಗಳ ಅಸಮಾಧಾನಕ್ಕೆ ಪಾತ್ರರಾದರು.

1882 ರ ಕೊನೆಗೆ ಬಂದ ಭಾರಿ ಕಾಯಿಲೆಯಿಂದ ಅವರ ದೇಹವು ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1884 ನೆಯ ನವಂಬರ್ 6 ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಕೇಂಬ್ರಿಜ್ಜಿನ ಮನೆಯಲ್ಲಿ ಎದೆಯ ರೋಗದಿಂದ ತೀರಿಕೊಂಡರು. ಸಮೀಪದ ಟ್ರಂಪಿಂಗ್‌ಟನ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಅವರು ಸಿದ್ಧಪಡಿಸಿದ್ದ ಆರು ಪೆನ್ನಿಯ ತಾರಿನ ಯೋಜನೆಯು ಮರುವರ್ಷ ಅಕ್ಟೋಬರದಲ್ಲಿ ಜಾರಿಗೆ ಬಂದಿತು.

ಆ ಮರುವರ್ಷದ ಡಿಸೆಂಬರ್ 28 ರಂದು ಮುಂಬಯಿಯಲ್ಲಿ ಎಪ್ಪತ್ತೆರಡು ಮಂದಿ ಪ್ರತಿನಿಧಿಗಳು ಸೇರಿ ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನವನ್ನು ನಡೆಸಿದರು. ನಮ್ಮ ಪರವಾಗಿ ಕೇಳುವವನೊಬ್ಬನು ಅಲ್ಲಿದ್ದನೆಂಬ ಸಮಾಧಾನವು ಆಗ ಉಳಿದಿರಲಿಲ್ಲ. ಶಾಸನಸಭೆಗಳಲ್ಲಿ ಆರಿಸಿ ಬಂದ ಸದಸ್ಯರು ಹೆಚ್ಚಬೇಕು, ಆಯವ್ಯಯವು ಅವರ ಮುಂದೆ ಬರಬೇಕು, ಆಡಳಿತದ ಯಾವ ಖಾತೆಯನ್ನಾದರೂ ಪ್ರಶ್ನಿಸುವ ಹಕ್ಕು ಅವರಿಗಿರಬೇಕೆಂದು ಆ ಅಧಿವೇಶನದ ಮೂರನೆಯ ಠರಾವು ಬೇಡಿತು. ಪ್ರಶ್ನೆಯ ಹಕ್ಕು 1892 ರ ಕಾನೂನಿನಿಂದ ದೊರೆಯಿತು. ಆದರೆ ಉತ್ತರವು ಸಾಲದೆಂದು ಕಂಡಾಗ ಅಲ್ಲಿಯೇ ಎದ್ದು ಇನ್ನೊಂದು ಪ್ರಶ್ನೆ ಕೇಳುವ ಅವಕಾಶವು 1909 ರ ವರೆಗೆ ಬರಲಿಲ್ಲ.